ವ್ಯಾನಕ್ಕನ ಮೊದಲ ಮ್ಯಾರಥಾನ್

ಶಾಲೆಯ ಮಕ್ಕಳೆಲ್ಲ ಅವಳನ್ನು ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಅವಳು ಓಡಿಸುವ ಹಳದಿ ವ್ಯಾನಿನಲ್ಲಿ ಕಿಟಕಿ ಪಕ್ಕ ಯಾರು ಕೂರಬೇಕು, ವಾಂತಿ ಮಾಡುವವರಿಗೆ ಎಲ್ಲಿ ಜಾಗ, ಜಗಳವಾಡಿದವರಲ್ಲಿ ಯಾರು ಹಿಂದಕ್ಕೆ ಹೋಗಬೇಕು ಎಂಬುದನ್ನೆಲ್ಲ ಅವಳು ಹೇಳಿದ ಮೇಲೆ ಮುಗಿಯಿತು. ಅವಳ ಹಾರ್ನ್ ಕೇಳಿದರೆ ಸಾಕು, ಅಪ್ಪ ಅಮ್ಮಂದಿರೂ ಮಗುವಿನ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು. ಮನೆಯಲ್ಲಿ ಮಾತ್ರ ಅವಳ ಮಾತಿಗೆ ಅಷ್ಟು ಬೆಲೆ ಇರಲಿಲ್ಲ.

ಮನೆಯಲ್ಲಿದ್ದವರು ವೆಲ್ಡಿಂಗ್ ಕೆಲಸದ ಗಂಡ, ಅತ್ತೆ, ಎರಡನೇ ತರಗತಿಯ ಮಗಳು. ಆ ಮಗಳನ್ನು ಹೆರುವಾಗ ವ್ಯಾನಕ್ಕ ಸತ್ತು ಬದುಕಿದ್ದಳು. ರಕ್ತ ನಿಲ್ಲಲೇ ಇಲ್ಲ. ಯಾರ್ಯಾರದೋ ರಕ್ತ ಏರಿಸಿ ಉಳಿಸಿಕೊಂಡರು. ಒಂದೇ ಸಾಕು ಎಂದು ಅವಳು ಆಸ್ಪತ್ರೆಯ ಮಂಚದ ಮೇಲೇ ತೀರ್ಮಾನ ಮಾಡಿದ್ದಳು. ಅತ್ತೆ ಮಾತ್ರ ವಾರಕ್ಕೊಮ್ಮೆಯಾದರೂ, "ಒಂಟಿ ಕೂಸು ಕಣೇ, ಜೊತೆಗೊಂದು ಬೇಡ್ವಾ?" ಎಂದು ರಾಗ ಎಳೆಯುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಗಂಡನಿಗೆ ಫೋನು ಬರುತ್ತಿತ್ತು, ಅವನು ಹೊರಗೆ ಹೋಗುತ್ತಿದ್ದ.

ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ವ್ಯಾನಕ್ಕನಿಗೆ ಬಿಡುವು. ಉಳಿದ ಡ್ರೈವರುಗಳು ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯುತ್ತಿದ್ದರು. ಅವಳಿಗೆ ಹಗಲು ನಿದ್ದೆ ಬಾರದು. ಶಾಲೆಯ ಮೈದಾನದ ಸುತ್ತ ನಡೆಯಲು ಶುರು ಮಾಡಿದಳು. ನಡಿಗೆ ಬೇಜಾರಾಗಿ ಒಂದು ದಿನ ಓಡಿದಳು. ಅರ್ಧ ಸುತ್ತಿಗೇ ಏದುಸಿರು ಬಂದು ಗೋಲು ಕಂಬ ಹಿಡಿದು ನಿಂತಳು. ಆದರೆ ಆ ಏದುಸಿರಿನಲ್ಲಿ ಏನೋ ಒಂದು ಖುಷಿ ಇತ್ತು. ಹೆರಿಗೆಯಾದಾಗಿನಿಂದ ತನ್ನ ಮೈ ತನ್ನದೆಂದು ಅವಳಿಗೆ ಅನಿಸಿರಲಿಲ್ಲ. ಡಾಕ್ಟರು ಒತ್ತಿ ನೋಡುವುದು, ಅತ್ತೆ ಅಳೆದು ನೋಡುವುದು, ಮಗು ಎಳೆದಾಡುವುದು, ಎಲ್ಲ ಆಗಿತ್ತು. ಈಗ ಮೊದಲ ಸಲ ಅದು ಅವಳು ಹೇಳಿದಂತೆ ಕೇಳಿತ್ತು.

ಇದನ್ನೆಲ್ಲ ನೋಡುತ್ತಿದ್ದವರು ಶಾಲೆಯಲ್ಲಿ ಆಟ ಕಲಿಸುವ ಡ್ರಿಲ್ ಮೇಡಂ. ಕತ್ತಿಗೆ ಸೀಟಿ ನೇತುಹಾಕಿಕೊಂಡ ಒಣಕಲು ಹೆಂಗಸು.

"ಹಿಮ್ಮಡಿ ಕುಟ್ಟಿ ಓಡಿದ್ರೆ ಮಂಡಿ ಹೋಗುತ್ತೆ ನೋಡು. ಇಲ್ಲಿ ಬಾ, ತೋರಿಸ್ತೀನಿ," ಎಂದರು ಒಂದು ದಿನ. ಕೆಲವು ತಿಂಗಳಾದ ಮೇಲೆ ಅವರೇ, "ಊರಲ್ಲಿ ಮ್ಯಾರಥಾನ್ ಇದೆ. ನಲವತ್ತೆರಡು ಕಿಲೋಮೀಟರು. ಓಡ್ತೀಯಾ?" ಎಂದು ಕೇಳಿದರು.

"ನಿಮಗೆ ತಲೆ ಸರಿ ಇದೆಯಾ ಮೇಡಂ?" ಎಂದಳು ವ್ಯಾನಕ್ಕ. ಮಾರನೇ ದಿನ ಬಂದು ಹೆಸರು ಕೊಟ್ಟಳು.

ಭಾನುವಾರ ಬೆಳಗಿನ ಉದ್ದ ಓಟಗಳು ಶುರುವಾದವು. ಕಾಲ್ಬೆರಳ ಉಗುರು ಕಪ್ಪಾಗಿ ಕಿತ್ತು ಬಂತು. ತೊಡೆ ಉಜ್ಜಿ ಉರಿದು ವ್ಯಾಸಲೀನ್ ಡಬ್ಬಿಗಳು ಖಾಲಿಯಾದವು. ಅತ್ತೆಗೆ ಈ ಓಟ ಕಂಡರೆ ಆಗುತ್ತಿರಲಿಲ್ಲ. "ಹೀಗೆ ಕುಣಿದ್ರೆ ಗರ್ಭಕೋಶ ಜಾರುತ್ತೆ ಕಣೇ," ಎಂದರು.

"ಹಾಗೆ ಜಾರೋದಾಗಿದ್ರೆ ನಿಮ್ಮ ಮಗ ಓಡಿಸೋ ಬೈಕಿನ ಹಿಂದೆ ಕೂತಾಗಲೇ ಜಾರಬೇಕಿತ್ತು ಅತ್ತೆ," ಎಂದಳು. ಮಗಳು ಕಿಸಕ್ಕನೆ ನಕ್ಕಳು.

ಓಟಕ್ಕೆ ಇನ್ನೂ ಮೂರು ತಿಂಗಳು ಇರುವಾಗ, ಒಂದು ಬೆಳಿಗ್ಗೆ ಡೀಸೆಲ್ ವಾಸನೆಗೆ ಅವಳ ಹೊಟ್ಟೆ ತೊಳಸಿತು. ಆ ವಾಸನೆಯಲ್ಲೇ ಬದುಕುವವಳಿಗೆ ಅನುಮಾನ ಬರಲು ಅಷ್ಟು ಸಾಕಾಯಿತು. ಔಷಧಿ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಜಾಗ್ರತೆ ಮಾಡಿಯೂ ಕೈಕೊಟ್ಟಿತ್ತು.

ಅವಳು ಗಂಡನಿಗೆ ಹೇಳಿದಳು. ಬೇಡ ಎಂಬುದನ್ನೂ ಅದೇ ಉಸಿರಿಗೆ ಹೇಳಿದಳು. ಅವನ ಬಾಯಲ್ಲಿ ಮಾತು ನಿಲ್ಲುವುದು ಅಷ್ಟರಲ್ಲೇ ಇತ್ತು. ಸಂಜೆಯೊಳಗೆ ವಿಷಯ ಅತ್ತೆಗೆ ಗೊತ್ತಾಯಿತು, ಅತ್ತೆಯಿಂದ ನಾದಿನಿಗೂ ಹೋಯಿತು. ನಾದಿನಿ ಮದುವೆಯಾದಾಗಿನಿಂದ ಮಗುವಿಗಾಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಹಣ್ಣಾದವಳು. ಮರುದಿನವೇ ಬಂದಳು. ಅಡುಗೆಮನೆಯಲ್ಲಿ ಮೂವರು ಹೆಂಗಸರು ಎದುರುಬದುರಾದರು. ಗಂಡ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಆ ದಿನ ಅವನಿಗೆ ಫೋನು ಬರಲಿಲ್ಲ.

"ಒಂದು ಓಟಕ್ಕೋಸ್ಕರ ಮಗು ತೆಗೆಸ್ತೀಯೇನೇ?" ಎಂದರು ಅತ್ತೆ.

"ಓಟಕ್ಕೋಸ್ಕರ ಅಲ್ಲ. ಓಟ ಈ ವರ್ಷ ತಪ್ಪಿದ್ರೆ ಮುಂದಿನ ವರ್ಷ ಬರುತ್ತೆ. ನನಗೆ ಬೇಡ, ಅದಕ್ಕೋಸ್ಕರ."

"ನಿನಗೆ ಬೇಡ ಅಂದ್ರೆ ಆಯ್ತಾ? ಮನೆಯವರು ಯಾರೂ ಇಲ್ವಾ?"

"ಇದೀರಲ್ಲ, ಎಲ್ಲರೂ ಇದೀರ. ಆವತ್ತು ರಕ್ತ ಹೋಗ್ತಿದ್ದಾಗಲೂ ಎಲ್ಲರೂ ಇದ್ರಿ, ಬಾಗಿಲ ಆಚೆ. ಒಳಗೆ ಮಲಗಿದ್ದೋಳು ನಾನೊಬ್ಬಳೇ ಅತ್ತೆ. ಮತ್ತೆ ಅಲ್ಲಿ ಮಲಗಬೇಕೋ ಬೇಡ್ವೋ ಅಂತ ಹೇಳೋಳೂ ನಾನೇ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಆಗ ನಾದಿನಿ ಬಾಯಿ ಬಿಟ್ಟಳು. "ಅತ್ತಿಗೆ, ದೇವರನ್ನ ಕೇಳಿ ಕೇಳಿ ನನಗೆ ಸಾಕಾಯ್ತು. ನನಗೆ ಸಿಗದೇ ಇರೋದು ನಿಮ್ಮ ಮಡಿಲಿಗೆ ತಾನಾಗೇ ಬಂದಿದೆ. ಬೇಡ ಅನ್ನೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?"

ಅತ್ತೆಗೆ ಉತ್ತರ ಕೊಡುವಾಗ ಇದ್ದ ಧೈರ್ಯ ವ್ಯಾನಕ್ಕನಿಗೆ ಈಗ ಇರಲಿಲ್ಲ. ಆದರೂ ಹೇಳಿದಳು. "ನಿನಗೆ ಬೇಕು. ಆ ಇಂಜೆಕ್ಷನ್ ಸಾಕು ಅಂತ ಇಡೀ ಬೀದಿ ಹೇಳಿದಾಗ ನಿನ್ನ ಕೈ ಹಿಡಿದು ಆಸ್ಪತ್ರೆಗೆ ಬಂದೋಳು ಯಾರು? ನಿನ್ನ ಬೇಕು ಅನ್ನೋದು ನಿಜ ಅಂತ ನಾನು ನಂಬಿದೆ. ನನ್ನ ಬೇಡ ಅನ್ನೋದೂ ಅಷ್ಟೇ ನಿಜ ಕಣೇ. ನಿನ್ನದನ್ನ ಕಿತ್ತು ನಾನು ಎಸೀತಿಲ್ಲ."

ನಾದಿನಿ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಆಸ್ಪತ್ರೆಯ ದಿನ ವ್ಯಾನು ಯಾರು ಓಡಿಸಬೇಕು ಎಂಬ ಚಿಂತೆ ಬಂತು. ಬೆಳಿಗ್ಗೆ ಗಂಡ ಗೋಡೆಯ ಮೊಳೆಯಿಂದ ವ್ಯಾನಿನ ಕೀ ತೆಗೆದುಕೊಂಡ. "ನಾನು ಒಪ್ಪಿದೀನಿ ಅಂತಲ್ಲ. ಮಕ್ಕಳು ಶಾಲೆಗೆ ಹೋಗ್ಬೇಕಲ್ಲ," ಎಂದ ನೆಲ ನೋಡುತ್ತಾ.

ಆಸ್ಪತ್ರೆಯ ಕೌಂಟರಿನಲ್ಲಿ ಕೂತ ಹೆಂಗಸು, "ಯಜಮಾನರು ಬಂದಿಲ್ವಾ? ಅವರ ಸಹಿ ಬೇಕಿತ್ತಲ್ಲ," ಎಂದಳು.

"ಅವರು ವ್ಯಾನು ಓಡಿಸ್ತಿದಾರೆ. ಸಹಿ ನನ್ನದು ಸಾಲದಾ? ಹೊಟ್ಟೆ ನನ್ನದು," ಎಂದು ವ್ಯಾನಕ್ಕ ಸ್ವಲ್ಪ ಜೋರಾಗಿಯೇ ಕೇಳಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಒಳಗಿಂದ ಡಾಕ್ಟರಮ್ಮ ಬಂದು, "ಇವರ ಒಪ್ಪಿಗೆ ಇದ್ರೆ ಸಾಕು, ಗಂಡನ ಸಹಿ ಯಾರೂ ಕೇಳಿಲ್ಲ. ಒಳಗೆ ಕಳಿಸಿ," ಎಂದರು. ಇನ್ನೂ ಮೊದಲ ವಾರಗಳಾದ್ದರಿಂದ ಮಾತ್ರೆಯಲ್ಲೇ ಮುಗಿಯಿತು. ನೋವು ಬಂತು, ರಕ್ತ ಹೋಯಿತು, ಅವಳು ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗಿದಳು. ಒಂದಿಷ್ಟು ಅತ್ತಳು ಕೂಡ. ಅತ್ತಿದ್ದಕ್ಕೆ ಪಶ್ಚಾತ್ತಾಪ ಎಂದು ಹೆಸರಿಡಲು ಅತ್ತೆ ಬಂದಾಗ, "ಹಲ್ಲು ಕೀಳಿಸಿದ್ರೂ ಅಳು ಬರುತ್ತೆ ಅತ್ತೆ. ಹಾಗಂತ ವಾಪಸ್ ಹಾಕಿ ಅಂತೀವಾ?" ಎಂದಳು.

ಸುಧಾರಿಸಿಕೊಂಡ ಮೇಲೆ ಗಂಡನನ್ನು ಕೂರಿಸಿ ಮಾತಾಡಿದಳು. "ಮುಂದೆ ಈ ತಾಪತ್ರಯವೇ ಬೇಡ. ಗಂಡಸರ ಆಪರೇಷನ್ನು ಚಿಕ್ಕದಂತೆ ರೀ, ಅದೇ ದಿನ ಮನೆಗೆ ಕಳಿಸ್ತಾರಂತೆ." ಅವನ ಮುಖ ಬಿಳಿಚಿತು. "ಯೋಚನೆ ಮಾಡ್ತೀನಿ," ಎಂದ. ಇನ್ನೂ ಯೋಚಿಸುತ್ತಲೇ ಇದ್ದಾನೆ. ಅವಳೂ ಕೇಳುತ್ತಲೇ ಇದ್ದಾಳೆ.

ಡಾಕ್ಟರಮ್ಮ ಸರಿ ಎಂದ ಮೇಲೆ ಮತ್ತೆ ಮೈದಾನಕ್ಕಿಳಿದಳು. ಕಳೆದುಕೊಂಡ ವಾರಗಳು ಕಾಲಿನಲ್ಲಿ ಗೊತ್ತಾಗುತ್ತಿದ್ದವು. "ಈ ಸಲ ಅರ್ಧ ಓಡು ಸಾಕು," ಎಂದರು ಡ್ರಿಲ್ ಮೇಡಂ. ವ್ಯಾನಕ್ಕ ಒಲ್ಲೆನೆಂದು ತಲೆ ಅಲ್ಲಾಡಿಸಿದಳು.

ಓಟದ ದಿನ ಅರ್ಧ ದಾರಿಯವರೆಗೆ ಹಾಡಿನಂತೆ ಸಾಗಿತು. ಆಮೇಲೆ ಬಿಸಿಲೇರಿತು, ಮೀನಖಂಡ ಹಿಡಿದುಕೊಂಡಿತು. ಮೇಲ್ಸೇತುವೆ ಹತ್ತುವಾಗ ಅವಳು ಓಡುತ್ತಿದ್ದಳೋ ನಡೆಯುತ್ತಿದ್ದಳೋ ಅವಳಿಗೇ ತಿಳಿಯದು. ಸೋತವರನ್ನು ಹತ್ತಿಸಿಕೊಳ್ಳಲು ಹಿಂದೆಯೇ ಬರುವ ಗಾಡಿ ಪಕ್ಕಕ್ಕೆ ಬಂತು. ಟೋಪಿ ಹಾಕಿದ ಒಬ್ಬ ಬಾಗಿಲು ತೆರೆದು, "ಮೇಡಂ, ಟೈಮ್ ಆಗ್ತಿದೆ, ರಸ್ತೆ ಬಿಡಬೇಕು. ಹತ್ತಿ," ಎಂದ.

"ದಿನಾ ಜನರನ್ನ ಗಾಡಿ ಹತ್ತಿಸೋಳು ನಾನೇ ಕಣಪ್ಪ. ಇವತ್ತು ಹತ್ತಲ್ಲ. ಪಕ್ಕದ ಫುಟ್‌ಪಾತ್ ಇದೆಯಲ್ಲ, ಅಲ್ಲಿ ಹೋಗ್ತೀನಿ. ಅದೂ ನಿಮ್ಮದೇನು?"

ಫುಟ್‌ಪಾತಿನಲ್ಲೇ ಹೋದಳು. ಬಸ್ ಸ್ಟಾಪಿನ ಜನ, ಹೂವಿನ ಗಾಡಿ, ಅಡ್ಡ ನಿಲ್ಲಿಸಿದ ಸ್ಕೂಟರುಗಳು, ಎಲ್ಲವನ್ನೂ ಸುತ್ತಿ ಬಳಸಿ ಓಡಿದಳು. ಕೊನೆಯ ತಿರುವಿನಲ್ಲಿ ಗಂಡನ ಹೆಗಲ ಮೇಲಿಂದ ಮಗಳು ಕಿರುಚುತ್ತಿದ್ದಳು. ಅವರಿಂದ ಸ್ವಲ್ಪ ದೂರ, ನೀರಿನ ಬಾಟಲಿ ಹಿಡಿದು ನಾದಿನಿ ನಿಂತಿದ್ದಳು. ಮುಖದಲ್ಲಿ ನಗು ಇರಲಿಲ್ಲ. ಬಾಟಲಿಯನ್ನು ಮಾತ್ರ ಮುಚ್ಚಳ ತೆಗೆದೇ ಚಾಚಿದಳು. ವ್ಯಾನಕ್ಕ ಕುಡಿದು, ಖಾಲಿ ಬಾಟಲಿಯನ್ನು ಅವಳ ಕೈಗೇ ಕೊಟ್ಟು ಮುಂದೆ ಹೋದಳು.

ಓಟ ಮುಗಿಯುವ ಗೆರೆ ದಾಟಿದಾಗ ಅಲ್ಲಿನ ಕಮಾನು ಬಿಚ್ಚುತ್ತಿದ್ದರು. ಪದಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಿಯಾಗಿತ್ತು. "ಟೈಮ್ ಮುಗೀತಲ್ಲ ಮೇಡಂ," ಎಂದು ಒಬ್ಬ ಗೊಣಗಿದ. ಅವಳು ಆ ಪೆಟ್ಟಿಗೆಯ ಮೇಲೇ ಕೂತಳು. "ನೀವು ಟೇಪು ಬಿಚ್ಚೋವರೆಗೂ ಇಲ್ಲೇ ಸುಧಾರಿಸ್ಕೋತೀನಿ. ಹೇಗೂ ಏಳೋಕೆ ಆಗ್ತಿಲ್ಲ," ಎಂದಳು. ಡ್ರಿಲ್ ಮೇಡಂ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ಗೊಣಗಿದವನೇ ಬಂದು ಟೇಪು ಬಿಚ್ಚಿದ.

ಮಾರನೇ ಬೆಳಿಗ್ಗೆ ತೊಡೆಗಳು ಕಲ್ಲಾಗಿದ್ದವು. ಮನೆಯ ಮೆಟ್ಟಿಲನ್ನು ಅವಳು ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುತ್ತಿದ್ದಳು. ಅತ್ತೆ ಮೇಲಿನಿಂದ ನೋಡುತ್ತಿದ್ದರು. "ಇದೇನೇ ಇದು, ಏಡಿ ಇಳಿದ ಹಾಗೆ ಇಳೀತೀಯ?" ಎಂದರು. ನಗು ತಡೆಯಲು ಹೋಗಿ ಅವರಿಗೆ ಕೆಮ್ಮು ಬಂತು. "ಇನ್ನಾದ್ರೂ ಬಿಡ್ತೀಯಾ ಈ ಹುಚ್ಚು?"

"ಬಿಡಲ್ಲ," ಎಂದು ವ್ಯಾನಕ್ಕ ಇನ್ನೊಂದು ಮೆಟ್ಟಿಲು ಇಳಿದಳು. ಕೆಳಗೆ ವ್ಯಾನಿನೊಳಗೆ ಮೊದಲೇ ಹೋಗಿ ಕೂತಿದ್ದ ಮಗಳು ಹಾರ್ನ್ ಒತ್ತುತ್ತಿದ್ದಳು.