ಆಯ್ತು ಅಂದರೆ ಸಾಲದು

ಅವರ ಎಡಗೈಯ ಬೆರಳತುದಿಗಳಲ್ಲಿ, ಚರ್ಮದ ಕೆಳಗೆ ಯಾರೋ ಸಾಸಿವೆ ಚೆಲ್ಲಿದಂತೆ ಕರಿಚುಕ್ಕೆಗಳಿದ್ದವು. ಮೂವತ್ತು ವರ್ಷಕ್ಕೂ ಮಿಕ್ಕಿ ದಿನಕ್ಕೆ ನಾಲ್ಕು ಸಲ ಶುಗರ್ ನೋಡಲು ಸೂಜಿ ಚುಚ್ಚಿಸಿಕೊಂಡ ಬೆರಳುಗಳು. ಪಿಂಚಣಿಗಾಗಿ ಬ್ಯಾಂಕಿನ ಯಂತ್ರದ ಮೇಲೆ ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲವಂತೆ. ಪ್ರತಿವರ್ಷ ಕಣ್ಣು ತೋರಿಸಿಯೇ ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕಾಗುತ್ತಿತ್ತಂತೆ. ಮಯೂರ್ ವಿಹಾರ್‌ನ ನಮ್ಮ ಮನೆಗೆ ಮೊದಲ ಸಲ ಬಂದ ದಿನ ಆ ಕೈಯನ್ನು ಊಟದ ಮೇಜಿನ ಮೇಲೆ ಅಂಗಾತ ಇಟ್ಟು, ನನ್ನ ಮಗಳಿಗೆ ಹೇಳಿದರು: "ನೋಡು ಮರಿ, ನನಗೂ ನಿನ್ನ ವಯಸ್ಸಲ್ಲೇ ಬಂತು. ಈಗ ಅರವತ್ತಮೂರು. ಸತ್ತಿದೀನಾ?"

ಹನ್ನೊಂದು ವರ್ಷದ ಮಗುವಿನೆದುರು ಸಾವಿನ ಮಾತೆತ್ತಿದ ಆ ಹೆಂಗಸಿನ ಮೇಲೆ ನನಗೆ ಕೋಪ ಬಂದದ್ದು ಆಗಲೇ. ಮುಂದಿನ ಆರು ವರ್ಷಗಳಲ್ಲಿ ಅದು ಪೂರ್ತಿ ಇಳಿದದ್ದು ನೆನಪಿಲ್ಲ. ಮಗಳು ಮಾತ್ರ ಅವತ್ತು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ, ನಕ್ಕಳು.

ಅವರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದವರು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಸೊಸೈಟಿ ಫ್ಲಾಟೊಂದರಲ್ಲಿ ಒಬ್ಬರೇ ಇದ್ದರು. ದೆಹಲಿ, ಗುರುಗ್ರಾಮ, ಘಾಜಿಯಾಬಾದ್ ಕಡೆಯ ಕನ್ನಡಿಗರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗಾಗಿ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದರು. ನಲವತ್ತು ಚಿಲ್ಲರೆ ಜನ. ಎಲ್ಲರಿಗೂ ಅವರು ಅಡ್ಮಿನ್, ನನಗೆ ಮೇಡಂ, ನನ್ನ ಮಗಳಿಗೆ ಅಡ್ಮಿನ್ ಅಜ್ಜಿ. ಮಗಳಿಗೆ ಬಂದದ್ದು ಮಕ್ಕಳಿಗೆ ಬರುವ ಬಗೆಯ ಡಯಾಬಿಟಿಸ್. ತಿಂದು ಬರುವುದಲ್ಲ, ಮೈಯೇ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಕನ್ನಡದ ಹುಡುಗಿಯೊಬ್ಬಳು, "ಈ ಗುಂಪಿಗೆ ಸೇರ್ಕೊಳ್ಳಿ ಮೇಡಂ, ತುಂಬ ಸಪೋರ್ಟ್ ಸಿಗುತ್ತೆ" ಎಂದು ನಂಬರು ಕೊಟ್ಟಿದ್ದಳು.

ಸಪೋರ್ಟು! ನಾನು ಸಾಂತ್ವನದ ಮಾತು ನಿರೀಕ್ಷಿಸಿ ಸೇರಿದರೆ ಅಲ್ಲಿ ನಡೆಯುತ್ತಿದ್ದದ್ದು ಕಚೇರಿ. ಬೆಳಿಗ್ಗೆ ಏಳರೊಳಗೆ ಖಾಲಿಹೊಟ್ಟೆಯ ಶುಗರ್ ಎಷ್ಟೆಂದು ಬರೆಯಬೇಕು. ಬರೆಯದಿದ್ದರೆ ಏಳೂ ಐದಕ್ಕೆ ಫೋನು. ನನಗೆ ಎಂಟು ಗಂಟೆಯ ಮೆಟ್ರೋ ಹಿಡಿಯುವ ಗಡಿಬಿಡಿ. ಒಂದು ಕೈಯಲ್ಲಿ ಚಪಾತಿ, ಒಂದು ಕೈಯಲ್ಲಿ ಈ ವಿಚಾರಣೆ. ಅವರ ಸಂದೇಶಗಳಿಗೋ ಮೇಲೊಂದು 'ವಿಷಯ', ಕೆಳಗೊಂದು 'ಉಲ್ಲೇಖ'. ಅಲ್ಪವಿರಾಮ ಕೂಡ ತಪ್ಪುತ್ತಿರಲಿಲ್ಲ. ನಾನೂ ಸರ್ಕಾರಿ ನೌಕರಳೇ, ಹಗಲೆಲ್ಲ ಇದನ್ನೇ ಓದಿ ಬಂದವಳಿಗೆ ಮನೆಯಲ್ಲೂ ಸುತ್ತೋಲೆ.

ಕೈಮುಗಿಯುವ ಚಿತ್ರ ಕಳಿಸಿದರೆ, "ನಮಸ್ಕಾರ ಸರಿ, ನಂಬರ್ ಎಷ್ಟು?" ಎಂದು ಬರುತ್ತಿತ್ತು. ಯಾರೋ ಪಾಪ, ಇನ್ಸುಲಿನ್ ಗಿಡದ ಎಲೆ ಜಗಿದರೆ ಚುಚ್ಚುಮದ್ದೇ ಬೇಡವೆಂದು ಎಲ್ಲಿಂದಲೋ ಬಂದದ್ದನ್ನು ಗುಂಪಿಗೆ ದಾಟಿಸಿದರು. ಅದಕ್ಕೆ ಅಡ್ಮಿನ್ ಉತ್ತರ: "ನಮ್ಮ ಸೆಕ್ಷನ್ನಿನಲ್ಲಿ ರಾಜಾ ಅಂತ ಒಬ್ಬ ಪ್ಯೂನ್ ಇದ್ದ. ಹೆಸರು ರಾಜಾ ಅಂತ ಅವನೇನು ರಾಜ್ಯ ಆಳಲಿಲ್ಲ." ಇನ್ನೊಬ್ಬರು 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಗೆ ಹೂವಿನ ಚೌಕಟ್ಟು ಹಾಕಿ ಶುಭೋದಯ ಹೇಳಿದರು. ಅವರನ್ನು ಗುಂಪಿನಿಂದಲೇ ತೆಗೆದು, ಒಂದು ವಾರದ ಮೇಲೆ ಕ್ಷಮಾಪಣೆ ಬರೆಸಿಕೊಂಡು ಸೇರಿಸಿಕೊಂಡರು. "ಹನ್ನೊಂದು ವರ್ಷದ ಮಗು ಏನು ಊಟ ಅರಿಯದೇ ಕಾಯಿಲೆ ತರಿಸಿಕೊಂಡಿತಾ? ಈ ಒಂದು ಗಾದೆ ಕೇಳಿ ಕೇಳಿ ನಮ್ಮಮ್ಮ ಸಾಯೋವರೆಗೂ ತಪ್ಪು ತನ್ನದೇ ಅಂದ್ಕೊಂಡಿದ್ದಳು" ಎಂದು ನನ್ನೆದುರು ಕೂಗಾಡಿದರು. ಆ ಗಾದೆಯನ್ನು ನನ್ನ ಅತ್ತೆಯೂ ನನಗೆ ಹೇಳಿದ್ದರು. ಅದನ್ನು ನಾನು ಬಾಯಿಬಿಡಲಿಲ್ಲ.

ಎಲ್ಲಕ್ಕಿಂತ ತಲೆ ಚಿಟ್ಟುಹಿಡಿಸಿದ್ದು 'ಆಯ್ತು'. ನಮ್ಮಲ್ಲಿ ಯಾರಾದರೂ "ಊಟ ಆಯ್ತಾ?" ಎಂದರೆ "ಆಯ್ತು" ಅನ್ನುತ್ತೇವೆ. ಆಗದಿದ್ದರೂ ಅನ್ನುತ್ತೇವೆ. ಅದು ಮರ್ಯಾದೆ. ಆದರೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡವರು ಊಟ ಮಾಡದಿದ್ದರೆ ಶುಗರ್ ಸರ್ರನೆ ಇಳಿದು ಎಚ್ಚರ ತಪ್ಪುತ್ತಾರೆ, ಕೆಲವರು ಏಳುವುದೇ ಇಲ್ಲ. ಹಾಗಾಗಿ ಗುಂಪಿನಲ್ಲಿ ಆ ಪದಕ್ಕೆ ನಿಷೇಧ. "ಊಟ ಆಯ್ತಾ ಅಂದ್ರೆ ಇಲ್ಲಿ ಅದು ನಮಸ್ಕಾರ ಅಲ್ಲ, ಪ್ರಶ್ನೆ. ಏನು ತಿಂದ್ರಿ, ಎಷ್ಟು ತಿಂದ್ರಿ, ಹೇಳಿ." ಗುರುಗ್ರಾಮದಲ್ಲಿ ಕ್ಯಾಬ್ ಓಡಿಸುವ ನಮ್ಮವನೊಬ್ಬ ಸಿಗ್ನಲ್ಲಿನಲ್ಲಿ ನಿಂತು "ಮೂರು ಫುಲ್ಕಾ ಒಂದು ಲೋಟ ಮಜ್ಜಿಗೆ" ಎಂದು ಟೈಪು ಮಾಡುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಮಗಳ ಅನ್ನದ ತುತ್ತು ಎಣಿಸುತ್ತಿದ್ದೆ.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ಮಗಳ ಕಾಯಿಲೆಯ ವಿಷಯವನ್ನು ನಾನು ಈ ಗುಂಪಿನಾಚೆ ಯಾರಿಗೂ ಹೇಳಿರಲಿಲ್ಲ. ಮನೆಯೊಳಗೆ ನಾವು ಮೂವರು, ಯಾರಿಗೂ ಹೇಳೆನೆಂದು ಮಾತು ಕೊಟ್ಟಿದ್ದ ಅತ್ತೆ, ಶಾಲೆಯ ಕ್ಲಾಸ್ ಟೀಚರು, ಅಷ್ಟೇ. ಹೆಣ್ಣುಮಗು. ನಾಳೆ ಮದುವೆ ಅಂತ ಬಂದಾಗ ಹತ್ತು ಜನ ಹತ್ತು ಮಾತಾಡುತ್ತಾರೆ. ಅವಳಿಗೆ ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಚುಚ್ಚಿಕೊಳ್ಳುವುದನ್ನು ಕಲಿಸಿದ್ದೆ. ಅಡ್ಮಿನ್ ಇದನ್ನು ಹೇಗೋ ವಾಸನೆ ಹಿಡಿದರು. ಆಮೇಲೆ ಪ್ರತಿ ಭಾನುವಾರ ಬೆನ್ನು ಬಿಡದ ಬೇತಾಳ: "ನಿನ್ನ ನಾದಿನಿಗೆ ಹೇಳಿದ್ಯಾ? ಮಗು ಅವರ ಮನೆಗೆ ಹೋಗಿ ಬರುತ್ತೆ. ಹೇಳಬೇಕಲ್ಲಮ್ಮಾ."

ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. "ಎಲ್ಲರಿಗೂ ಹೇಳಿ ನೀವೇನು ಸುಖ ಕಂಡ್ರಿ ಮೇಡಂ? ನನ್ನ ಮಗಳೂ ನಿಮ್ಮ ಹಾಗೆ ಒಂಟಿಯಾಗಿ ಕೂತು ಊರವರ ಶುಗರ್ ಲೆಕ್ಕ ಇಡಬೇಕಾ?" ಎಂದುಬಿಟ್ಟೆ.

ಅವರ ಕಥೆ ನನಗೆ ಗೊತ್ತಿತ್ತು. ಅವರೇ ಹೇಳಿದ್ದರು. ಐದು ಸಂಬಂಧ ಬಂದಿತ್ತಂತೆ, ಐದೂ ಕಡೆಯವರಿಗೆ ನೋಡಲು ಬಂದ ದಿನವೇ ಹೇಳಿದರಂತೆ, ಐದೂ ಕಾಫಿ ಕುಡಿದು ಎದ್ದುಹೋದವಂತೆ. ಗೊತ್ತಿದ್ದೇ ಆಡಿದ ಮಾತು ನನ್ನದು. ಫೋನಿನ ಆ ಕಡೆಯಿಂದ ಅವರು, "ಅಚ್ಛಾ. ಇವತ್ತು ಮಧ್ಯಾಹ್ನ ಮಗುಗೆ ಎಷ್ಟು ಯೂನಿಟ್ ಕೊಟ್ಟೆ?" ಎಂದರು. ಹೇಳಿದೆ. ಬರೆದುಕೊಂಡರು.

ಅದಾಗಿ ಒಂದು ತಿಂಗಳಿರಬಹುದು. ಚಳಿಗಾಲದ ರಜೆಗೆ ಮಗಳು ಘಾಜಿಯಾಬಾದಿನ ನಾದಿನಿಯ ಮನೆಗೆ ಒಂದು ದಿನದ ಮಟ್ಟಿಗೆ ಹೋಗಿದ್ದಳು. ನಾನು ಕಚೇರಿಯಲ್ಲಿದ್ದೆ. ಅಡುಗೆ ಆಯಿತು, ಬಾ ಎಂದು ನಾದಿನಿ ಕರೆದ ಮೇಲೆ ಇವಳು ಬಚ್ಚಲಮನೆಗೆ ಹೋಗಿ ಚುಚ್ಚಿಕೊಂಡು ಬಂದಿದ್ದಾಳೆ. ಬರುವಷ್ಟರಲ್ಲಿ ನಡುಮನೆಯಲ್ಲಿ ನೆಂಟರು. ಅವರು ಹೋಗಲಿ, ಆಮೇಲೆ ಕೂರೋಣ, ನಿನಗೆ ಹಸಿವಾ ಪುಟ್ಟೀ ಎಂದು ನಾದಿನಿ ಕೇಳಿದ್ದಾಳೆ. ಇವಳು ಇಲ್ಲ ಅತ್ತೆ ಅಂದಿದ್ದಾಳೆ. ಬೇರೆಯವರ ಮನೆಯಲ್ಲಿ ಹಸಿವು ಅನ್ನಬಾರದು ಎಂದು ಕಲಿಸಿದವಳು ನಾನೇ. ಬ್ಯಾಗಿನಲ್ಲಿ ಗ್ಲುಕೋಸ್ ಪೊಟ್ಟಣವಿತ್ತು. ನೆಂಟರೆದುರು ತೆಗೆಯಬಾರದೆಂದು ಕಲಿಸಿದವಳೂ ನಾನೇ.

ಒಂದೂವರೆಗೆ ಅಡ್ಮಿನ್, ನನ್ನ ಹಳೆಯ ಫೋನು ಹಿಡಿದಿದ್ದ ಮಗಳಿಗೆ "ಊಟ ಆಯ್ತಾ ಮರಿ?" ಎಂದು ಬರೆದರು. "ಆಯ್ತು" ಎಂದು ಉತ್ತರ ಹೋಯಿತು. "ಏನು ತಿಂದೆ?" ಉತ್ತರವಿಲ್ಲ. ಫೋನು ಮಾಡಿದರೆ ಮಗು ತೊದಲುತ್ತ, "ಅಜ್ಜೀ, ಮೆಹಮಾನ್ ಆಯೇ ಹೈಂ... ಪತಾ ನಹೀಂ..." ಎಂದಿತಂತೆ, ನೆಂಟರು ಬಂದಿದ್ದಾರೆ, ಗೊತ್ತಿಲ್ಲ ಎಂದು. ತಕ್ಷಣ ನನಗೆ ಫೋನು ಬಂತು.

"ನಿನ್ನ ನಾದಿನಿ ನಂಬರ್ ಕೊಡು, ಬೇಗ. ಮಗುಗೆ ಶುಗರ್ ಲೋ ಆಗಿದೆ."

ಈಗ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಾನು ನಂಬರ್ ಕೊಡಲಿಲ್ಲ. "ತಡೀರಿ, ನಾನೇ ಮಗಳ ಹತ್ರ ಮಾತಾಡ್ತೀನಿ" ಎಂದು ಇಟ್ಟೆ. ಮಗಳಿಗೆ ಎರಡು ಸಲ ಫೋನು ಹಚ್ಚಿದೆ, ಎತ್ತಲಿಲ್ಲ. ಮೂರನೇ ಸಲವೂ ಅವಳಿಗೇ ಹಚ್ಚಿದೆ. ನಾದಿನಿಗೆ ಏನೆಂದು ಹೇಳಲಿ, ಹೇಗೆ ಸುತ್ತುಬಳಸಿ ಹೇಳಲಿ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಅಲ್ಲಿ ಮಗು ಎಚ್ಚರ ತಪ್ಪುತ್ತಿದೆ, ಇಲ್ಲಿ ತಾಯಿ ಮಾತು ಹೊಂದಿಸುತ್ತಿದ್ದಾಳೆ. ಅಷ್ಟರಲ್ಲಿ ಮತ್ತೆ ಅವರೇ.

"ಮದುವೆ ಆಮೇಲೆ ಮಾಡೋಣ. ಮೊದಲು ಸಕ್ಕರೆ ತಿನ್ನಿಸೋಣ. ನಂಬರ್ ಹೇಳು."

ಹೇಳಿದೆ. ಅವರು ನಾದಿನಿಗೆ ಫೋನು ಮಾಡಿ, ತಾನು ಯಾರು ಎಂದೂ ಹೇಳದೆ, "ನಿಮ್ಮ ಅಣ್ಣನ ಮಗಳಿಗೆ ಡಯಾಬಿಟಿಸ್ ಇದೆ, ಇನ್ಸುಲಿನ್ ತಗೊಂಡು ಊಟ ಮಾಡಿಲ್ಲ. ನುಂಗುವ ಹಾಗಿದ್ರೆ ಮಾತ್ರ ಸಕ್ಕರೆ ನೀರು ಕುಡಿಸಿ. ನುಂಗದಿದ್ರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ನಾನು ಲೈನಲ್ಲೇ ಇರ್ತೀನಿ" ಎಂದರಂತೆ. ಮಗು ಸೋಫಾದ ಮೂಲೆಯಲ್ಲಿ ಬೆವತು ಒರಗಿತ್ತಂತೆ. ಪುಣ್ಯಕ್ಕೆ ನುಂಗಿತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಅನ್ನ ಸಾರು ಕಲಸಿಕೊಂಡು ಉಣ್ಣುತ್ತಿತ್ತು.

ನಾದಿನಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ನಾನೇನು ಪರಕೀಯಳಾ ಅತ್ತಿಗೆ? ನನ್ನ ಮನೇಲಿ ಮಗುಗೆ ಏನಾದ್ರೂ ಆಗಿದ್ರೆ ನಾನು ಬದುಕಿರ್ತಿದ್ನಾ?" ಕಾಯಿಲೆಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಎರಡು ವರ್ಷದಿಂದ ನಾನು ಹೆದರಿದ್ದ ಮಾತು ಅವಳ ಬಾಯಿಂದ ಬರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಅಡ್ಮಿನ್ ಸಮಾಧಾನ ಹೇಳಬಹುದೆಂದುಕೊಂಡಿದ್ದೆ. ಗುಂಪಿಗೆ ಸುತ್ತೋಲೆ ಬಂತು. "ವಿಷಯ: ವಿನಯ. ಅತಿ ವಿನಯ ಧೂರ್ತ ಲಕ್ಷಣ ಎನ್ನುತ್ತಾರೆ. ನಮ್ಮ ಕಾಯಿಲೆಯಲ್ಲಿ ಸಾಧಾರಣ ವಿನಯವೂ ಅಪಾಯದ ಲಕ್ಷಣ. ಮಕ್ಕಳಿಗೆ ಹಸಿವು ಎನ್ನಲು ಕಲಿಸಿ." ಹೆಸರು ಹಾಕಿರಲಿಲ್ಲ. ಆದರೂ ಮೈಯೆಲ್ಲ ಉರಿಯಿತು. ಉರಿಯುತ್ತಲೇ ಏಳರೊಳಗೆ ಮಗಳ ನಂಬರ್ ಬರೆದು ಹಾಕಿದೆ.

ಆಮೇಲೆ ವಿಷಯ ಎಲ್ಲರಿಗೂ ತಿಳಿಯುತ್ತ ಹೋಯಿತು. ನೆಂಟರಿಗೆ ನಾದಿನಿ ಹೇಳಿದಳು, ಶಾಲೆಯಲ್ಲಿ ಮಗಳೇ ಹೇಳಿಕೊಂಡಳು, ಅಕ್ಕಪಕ್ಕದವರಿಗೆ ನನ್ನ ಗಂಡ ಹೇಳಿದರು. ಮಗಳು ಈಗ ಮೆಟ್ರೋದಲ್ಲಿ ನಿಂತುಕೊಂಡೇ ಚುಚ್ಚಿಕೊಳ್ಳುತ್ತಾಳೆ. ಯಾರಾದರೂ ಪಿಳಿಪಿಳಿ ನೋಡಿದರೆ "ಇನ್ಸುಲಿನ್ ಹೈ ಆಂಟಿ, ಡ್ರಗ್ಸ್ ನಹೀಂ" ಅನ್ನುತ್ತಾಳೆ. ಮೊನ್ನೆಮೊನ್ನೆಯವರೆಗೂ ನಾನು ಆ ಹೊತ್ತಿಗೆ ಕಿಟಕಿಯಾಚೆ ನೋಡುತ್ತಿರುತ್ತಿದ್ದೆ. ಯಾರಾದರೂ ನೇರವಾಗಿ ಕೇಳಿದರೆ, "ಸ್ವಲ್ಪ ಶುಗರ್ ಇದೆ" ಎಂದು ಗೊಣಗಿ ಮಾತು ಬದಲಿಸುತ್ತಿದ್ದೆ. ಅಡ್ಮಿನ್ ಇದನ್ನೂ ಬಿಡಲಿಲ್ಲ. "ಎಲ್ಲರೂ ಹೇಳಿದ್ರು. ನಿನ್ನ ಬಾಯಿಂದ ಇನ್ನೂ ಒಬ್ಬರಿಗೂ ಹೇಳಿಲ್ಲ ನೀನು" ಎಂದು ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದರು. ಚುಚ್ಚುವುದರಲ್ಲಿ ಅವರಿಗಿದ್ದ ಅಭ್ಯಾಸ ಇನ್ನಾರಿಗಿತ್ತು!

ಹೋದ ವರ್ಷ ಅವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದು ಸಲ ಜೊತೆಗೆ ಹೋಗಿದ್ದೆ. ಹಾಸಿಗೆಯಲ್ಲಿ ಮಲಗಿ ಒಂದು ಕೈಗೆ ನಳಿಕೆ ಹಾಕಿಸಿಕೊಂಡು ಇನ್ನೊಂದು ಕೈಯಲ್ಲಿ ಯಾರಿಗೋ ಬೈದು ಟೈಪು ಮಾಡುತ್ತಿದ್ದರು. ನಾಲ್ಕು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಹೇಳಿದೆ. "ಮೇಡಂ, ಅವತ್ತು ಫೋನಲ್ಲಿ ನಿಮಗೆ ಒಂಟಿ ಅಂತ ಅಂದಿದ್ದೆ. ಅನ್ನಬಾರದಿತ್ತು."

ಅವರು ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಡಿಕ್ಟೇಷನ್ ಕೊಡುವಾಗ ಸಾಹೇಬರು ಮಧ್ಯೆ ಮಧ್ಯೆ ಬೈತಿರ್ತಾರೆ ಕಣಮ್ಮ. ಅದನ್ನ ಬರ್ಕೊಳ್ಳೋಕೆ ಹೋಗಬಾರದು. ಹೋದ್ರೆ ಕಾಗದ ಕೆಡುತ್ತೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಸಿಡುಕಿದರು: "ಅಳಬೇಡ. ನರ್ಸ್ ಬಂದು ನನಗೇನೋ ಆಯ್ತು ಅಂದ್ಕೋತಾಳೆ."

ಮೂರು ತಿಂಗಳಾದ ಮೇಲೆ ತೀರಿಕೊಂಡರು. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಗುಂಪಿನಲ್ಲಿ ಒಬ್ಬೊಬ್ಬರಾಗಿ ತಮ್ಮ ತಮ್ಮ ನಂಬರ್ ಬರೆದು ಹಾಕಿದರು. ಯಾರೂ ಕೇಳಿರಲಿಲ್ಲ.

ಅಂತ್ಯಕ್ರಿಯೆಗೆ ಮೈಸೂರಿನಿಂದ ಅವರ ತಮ್ಮನ ಮಗ ಬಂದಿದ್ದ. ಸ್ಮಶಾನದ ಘಾಟಿನಲ್ಲಿ ಗುಂಪಿನವರೇ ಮೂವತ್ತು ಜನ ಸೇರಿದ್ದೆವು. ಆತನಿಗೆ ಆಶ್ಚರ್ಯ, ದೆಹಲಿಯಲ್ಲಿ ಅತ್ತೆಗೆ ಇಷ್ಟು ಜನರಿದ್ದರೆಂದು ಅವನಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸುತ್ತ ನನ್ನ ಬಳಿ ಬಂದು, "ನೀವು ಅತ್ತೆಗೆ ಏನಾಗಬೇಕು?" ಎಂದು ಕೇಳಿದ.

ನೆರೆಮನೆ, ಪರಿಚಯ, ಒಂದೇ ಊರಿನವರು ಎಂದೆಲ್ಲ ಹೇಳಬಹುದಿತ್ತು. ಬಾಯಿಗೂ ಅದೇ ಬಂದಿತ್ತು.

"ನನ್ನ ಮಗಳಿಗೆ ಡಯಾಬಿಟಿಸ್ ಇದೆ," ಎಂದೆ. "ಹನ್ನೊಂದು ವರ್ಷ ಇದ್ದಾಗಿನಿಂದ. ನಿಮ್ಮತ್ತೆ ಇರದಿದ್ರೆ ಅವಳು ಇರ್ತಿರಲಿಲ್ಲ."

ಪಕ್ಕದ ಚಿತೆಯ ಕಡೆಯ ಅಪರಿಚಿತರೂ ತಿರುಗಿ ನೋಡಿದರು. ಮಗಳು ನನ್ನ ಕೈ ಹಿಡಿದೆಳೆದು, "ಮಮ್ಮಿ, ಧೀರೇ! ಇಷ್ಟು ಜೋರಾಗಿ ಯಾಕೆ?" ಎಂದು ಪಿಸುಗುಟ್ಟಿದಳು.

ಆರು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು. ಮೆಲ್ಲಗೆ ಹೇಳಲು ನನಗೆ ಬರಲಿಲ್ಲ.