ಸಾಲಿನ ತುದಿಯ ಎಡಗೈ

ನಮ್ಮ ಡ್ರಾಯಿಂಗ್ ಮಾಸ್ತರರ ಉಗುರುಗಳು ಮದುವೆ ಊಟಕ್ಕೆ ಕೂತಾಗಲೂ ಕರ್ರಗೇ ಇರುತ್ತಿದ್ದವು. ಬಡಿಸುವವರು ಅನುಮಾನದಿಂದ ನೋಡಿದರೆ, "ಮಸಿ ಐತ್ರಿ, ಹೊಲಸಲ್ಲ. ಹೋಳಿಗಿ ಹಾಕ್ರಿ" ಎನ್ನುತ್ತಿದ್ದರು.

ಸಿದ್ದಾಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ಶಾಲೆ ಬಿಟ್ಟ ಮೇಲೆ ಮೇಣ ಸವರಿದ ಸತುವಿನ ತಗಡಿನ ಮೇಲೆ ಸೂಜಿಯಿಂದ ಚಿತ್ರ ಗೀರುವುದು, ಆಸಿಡ್ಡಿನಲ್ಲಿ ಅದ್ದುವುದು, ಗೀರಿನೊಳಗೆ ಮಸಿ ತುಂಬಿ ಕಾಗದಕ್ಕೆ ಒತ್ತುವುದು, ಇದೇ ಅವರ ಕೆಲಸ. ತಗಡು ಒರೆಸಲು ನನ್ನ ಹಳೇ ಸೀರೆಗಳೇ ಬೇಕು. ದೇವರು, ರಾಜರನ್ನು ಬರೆದವರಲ್ಲ. ಹಮಾಲರು, ಗಾರೆ ಕಲಸುವವರು, ಭತ್ತದ ಸಸಿ ಹಚ್ಚುವ ನಾವು, ಇವರೇ ಅವರ ಚಿತ್ರದಲ್ಲಿ. ಚಿತ್ರಕ್ಕಾಗಿ ಯಾರ ಕೆಲಸವನ್ನೂ ನಿಲ್ಲಿಸುತ್ತಿರಲಿಲ್ಲ. ಪ್ಯಾಂಟು ಮಡಚಿ ತಾವೇ ಕೆಸರಿಗಿಳಿಯುತ್ತಿದ್ದರು. ಒಮ್ಮೆ ಮೊಣಕಾಲತನಕ ಹೂತುಕೊಂಡಾಗ ನಾನೇ ಕೂಗಿದ್ದೆ: "ಮಾಸ್ತರ, ಹಂಗ ನಿಂದರ್ರಿ! ಸುಗ್ಗಿಗೆ ನಿಮ್ಮನ್ನೂ ಕೊಯ್ತೀವಿ!"

ನಾನು ಎಡಚಿ, ಇದನ್ನು ಫೋನಿನಲ್ಲಿ ಒತ್ತುತ್ತಿರುವುದೂ ಎಡ ಹೆಬ್ಬೆರಳೇ. ಸಸಿ ಊರುವಾಗ ನನ್ನ ಮೊಣಕೈ ಪಕ್ಕದವಳಿಗೆ ತಾಗುತ್ತದೆಂದು ಯಾವಾಗಲೂ ಸಾಲಿನ ತುದಿಗೆ ಅಟ್ಟುತ್ತಿದ್ದರು. ಮನೆಯಲ್ಲಿ ಅತ್ತೆ ಅದೇ ಕೈಗೆ ಸೌಟಿನಿಂದ ಬಡಿಯುತ್ತಿದ್ದರು.

ಹತ್ತು ವರ್ಷದ ಹಿಂದೆ ಮಾಸ್ತರರು ನನ್ನನ್ನೇ ಬರೆದರು. ಎರಡು ತಿಂಗಳು ಗೀರಿ, ಮೊದಲ ಹಾಳೆಯನ್ನು ಮಸಿ ಆರುವ ಮುಂಚೆಯೇ ತಂದು ತೋರಿಸಿದರು. ಬಾಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಲ್ಲ ನನ್ನದೇ. ಸಸಿ ಊರುತ್ತಿದ್ದದ್ದು ಮಾತ್ರ ಬಲಗೈ! ತಗಡಿನ ಮೇಲೆ ಬರೆದದ್ದು ಕಾಗದಕ್ಕೆ ಒತ್ತಿದಾಗ ಎಡಬಲ ತಿರುಗುತ್ತದಂತೆ.

ಅತ್ತೆಗೆ ಹಿಗ್ಗೋ ಹಿಗ್ಗು. "ನಲವತ್ತು ವರ್ಷದಾಗ ನನಗ ತಿದ್ದಾಕ ಆಗಲಿಲ್ಲ. ಮಾಸ್ತರು ಎರಡ ತಿಂಗಳದಾಗ ತಿದ್ದ್ಯಾರ ನೋಡು!"

ನನಗೆ ನಗು ಬರಲಿಲ್ಲ. "ಆಕಿ ನಾ ಅಲ್ರಿ ಮಾಸ್ತರ. ಈ ಕೈ ಸಲುವಾಗಿ ಎಷ್ಟು ಬೈಸಿಕೊಂಡೀನಿ. ಚಿತ್ರದಾಗರ ಅದಕ್ಕ ದುಡಿಯಾಕ ಬಿಡ್ರಿ."

"ನೋಡೋ ಮಂದಿಗೆ ಏನು ಗೊತ್ತಾಗ್ತೈತಿ?" ಎಂದರು ಅತ್ತೆ.

"ಈಕಿಗೆ ಗೊತ್ತಾಗ್ತೈತಲ್ಲ ಯವ್ವಾ" ಎಂದು ಮಾಸ್ತರರು ಹಾಳೆ ಸುತ್ತಿಕೊಂಡು ಎದ್ದರು.

ಮರುದಿನವೇ ಹೊಸ ತಗಡು. ಎದುರಿಗೆ ಕನ್ನಡಿ ಇಟ್ಟು, ಹೊಲದಲ್ಲಿ ಕಾಗದಕ್ಕೆ ಬರೆದುಕೊಂಡಿದ್ದ ನನ್ನ ಚಿತ್ರವನ್ನು ಅದರೊಳಗೆ ನೋಡುತ್ತ ತಿರುಗಿಸಿ ಗೀರಿದರು. ಮತ್ತೆ ಎರಡು ತಿಂಗಳು. ಆ ಎಡಗೈ ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲೆ ಸಸಿ ಊರುತ್ತಿದೆ. ಅತ್ತೆ ಸಾಯುವತನಕ ನನ್ನನ್ನು ಬೈದರು; ಆದರೆ ಬಂದವರಿಗೆಲ್ಲ ಆ ಚಿತ್ರ ತೋರಿಸಿಕೊಂಡೇ ಬೈಯುತ್ತಿದ್ದರು.

ಹೋದ ವರ್ಷ ಮಾಸ್ತರರು ತೀರಿಕೊಂಡರು. ನಾನು ಹೋದಾಗ ಮೈ ತೊಳೆಯುತ್ತಿದ್ದವರು ಅವರ ಉಗುರುಗಳನ್ನು ಸೋಪು ಹಚ್ಚಿ ತಿಕ್ಕುತ್ತಿದ್ದರು. ತಿಕ್ಕುತ್ತಿದ್ದವರ ಕೈ ಹಿಡಿದು ನಿಲ್ಲಿಸಿದೆ.

"ಬಿಡ್ರಪಾ. ಮಸಿ ಐತಿ ಅದು, ಹೊಲಸಲ್ಲ. ಅವರನ್ನ ಅವರಂಗ ಕಳಸ್ರಿ."