ಅವ್ವ ಕೀಳುತ್ತಿದ್ದ ಪ್ಲಗ್

ಇವತ್ತು ಗುಡುಗಿದ ಕೂಡಲೇ ಟಿವಿಯ ಪ್ಲಗ್ ಕಿತ್ತೆ. ಹೊನ್ನಾಳಿಯ ನಮ್ಮ ಮನೆಯ ಸ್ಟೀರಿಯೊ ನೆನಪಾಯಿತು.

ಅಪ್ಪ ಅದರ ಮೂರು ಗುಂಡಿಗಳಿಗೆ ಮೂರು ರೇಡಿಯೊ ಸ್ಟೇಷನ್ ಕೂರಿಸಿದ್ದರು. ಒತ್ತಿದರೆ ಹಸಿರು ಪರದೆಯ ಮೇಲೆ ಸ್ಟೇಷನ್ನಿನ ಹೆಸರು ಓಡುತ್ತಿತ್ತು. ಅದನ್ನು ಅವ್ವನಿಗೆ ಓದಿ ಹೇಳುವುದು ನನ್ನ ಕೆಲಸ. ಗುಡುಗು ಕೇಳಿದರೆ ಸಾಕು, ರೊಟ್ಟಿ ಹಿಟ್ಟಿನ ಕೈಯಲ್ಲೇ ಅವ್ವ ಓಡಿಬಂದು ಪ್ಲಗ್ ಕೀಳುತ್ತಿದ್ದಳು. ಗುಂಡಿಗಳಿಗೆ ಎಲ್ಲ ಮರೆತುಹೋಗುತ್ತಿತ್ತು.

"ಮತ್ತೆ ಎಲ್ಲಾ ಅಳಿಸಿ ಹಾಕಿದ್ಯಲ್ಲೇ!" ಎಂದು ಅಪ್ಪ ರೇಗುತ್ತಿದ್ದರು.

"ಸಿಡಿಲು ಬಡಿದ್ರೆ ಪೆಟ್ಟಿಗೇನೇ ಇರಲ್ಲ. ಕೂರ್ಸಾಕೆ ನೀವಿದ್ದೀರಲ್ಲ, ಇನ್ನೊಂದ್ಸಲ ಕೂರಿಸ್ರಿ."

ಅಪ್ಪ ಗೊಣಗುತ್ತಲೇ ಕೂರಿಸುತ್ತಿದ್ದರು.

ಅವ್ವ ತೀರಿಕೊಂಡ ವರ್ಷ ಎಷ್ಟೋ ಸಲ ಗುಡುಗಿತು. ಗುಂಡಿಗಳು ಏನನ್ನೂ ಮರೆಯಲಿಲ್ಲ. ಒಂದು ಸಂಜೆ ಅಪ್ಪನೇ ಪ್ಲಗ್ ಕಿತ್ತು, ಮತ್ತೆ ಹಾಕಿ, ಗೊಣಗುತ್ತ ಒಂದೊಂದೇ ಸ್ಟೇಷನ್ ಕೂರಿಸತೊಡಗಿದರು.

ಹೊರಗೆ ಒಂದು ಮೋಡವೂ ಇರಲಿಲ್ಲ.